ಹನ್ನೊಂದನೆಯ ಮನೆ

ಗಾಜಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಬೀದಿಯಿಂದ ಮೊದಲು ಹೋದದ್ದು ಬ್ರೆಡ್ಡಿನ ಅಂಗಡಿ. ಆಮೇಲೆ ಕ್ಷೌರದಂಗಡಿ, ಆಮೇಲೆ ಜನ. ಎರಡು ವರ್ಷದಲ್ಲಿ ಅರ್ಧಕ್ಕರ್ಧ ಮನೆಗಳು ಖಾಲಿಯಾದವು. ಖಾಲಿ ಮನೆಗಳ ನಲ್ಲಿ, ಕೊಳಾಯಿ, ಕಿಟಕಿಯ ಸರಳು ಎಲ್ಲವನ್ನೂ ಯಾರೋ ಕಿತ್ತುಕೊಂಡು ಹೋದರು. ಉಳಿದವರು ಸಂಜೆಯಾಗುತ್ತಲೇ ಬಾಗಿಲು ಹಾಕಿಕೊಳ್ಳುವುದನ್ನು ಕಲಿತರು.

ಬೀದಿಯ ತಿರುವಿನಲ್ಲಿದ್ದ ಸಣ್ಣ ಚರ್ಚಿನವರು ಸೇವಾ ಸಂಘ ಕಟ್ಟಿದ್ದು ಆಗ. ಸಂಘ ಎಂದರೆ ನಾಲ್ಕೇ ಜನ. ಪಾದ್ರಿಗಳು, ನಿವೃತ್ತರಾಗಿದ್ದ ಮೇಷ್ಟ್ರು, ಒಬ್ಬ ಗಾರೆ ಮೇಸ್ತ್ರಿ, ಮತ್ತು ಚರ್ಚಿನ ಕಸ ಗುಡಿಸಿ ನೆಲ ಒರೆಸುತ್ತಿದ್ದ ಒಬ್ಬ ವಿಧವೆ. ನಗರಸಭೆಯವರು ಪಾಳು ಮನೆಗಳನ್ನು ಒಂದೊಂದಾಗಿ ಸಂಘಕ್ಕೆ ವಹಿಸಿದರು. ಸಂಘದವರು ಒಂದೊಂದನ್ನೇ ರಿಪೇರಿ ಮಾಡಿ, ಮನೆಯಿಲ್ಲದವರಿಗೆ ಬಿಟ್ಟುಕೊಡತೊಡಗಿದರು. ರಿಪೇರಿಯಾಗುತ್ತಿದ್ದ ಮನೆಗಳ ಬೀಗದ ಕೈಗಳೆಲ್ಲ ಆ ವಿಧವೆಯ ಸೊಂಟದಲ್ಲಿ ಇರುತ್ತಿದ್ದುದರಿಂದ ಇಡೀ ಬೀದಿ ಅವಳನ್ನು ಬೀಗದಕ್ಕ ಎಂದು ಕರೆಯಿತು. ಪಾದ್ರಿಗಳೂ ಹಾಗೇ ಕರೆಯುತ್ತಿದ್ದರು.

ಮನೆ ಬೇಕಾದವರಿಗೆ ಸಂಘದ ನಿಯಮ ಸರಳವಾಗಿತ್ತು. ಯಾವ ಮನೆ ಸಿಗಬೇಕೋ ಆ ಮನೆಯ ರಿಪೇರಿಗೆ ನೂರು ದಿನ ತಾವೇ ಕೈಹಚ್ಚಿ ದುಡಿಯಬೇಕು. ಆ ನೂರು ದಿನ ಒಂದು ತೊಟ್ಟೂ ಕುಡಿಯಬಾರದು. ಕುಡಿತದ ಮಾತನ್ನು ನಿಯಮಕ್ಕೆ ಸೇರಿಸಿದ್ದು ಬೀಗದಕ್ಕನೇ. ಮೂರನೆಯ ಮನೆಯನ್ನು ಪಡೆದಿದ್ದ ಮನುಷ್ಯ ಒಂದು ತಿಂಗಳೊಳಗೆ ಬಾಗಿಲು, ಚೌಕಟ್ಟು, ನೀರಿನ ತೊಟ್ಟಿಯನ್ನು ಕೂಡ ಮಾರಿ ಕುಡಿದು, ಹೆಂಡತಿ ಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿದ್ದ. ಆವತ್ತಿನ ಸಭೆಯಲ್ಲಿ ಅವಳು ಮೇಜು ಕುಟ್ಟಿ ಹೇಳಿದ್ದಳು. "ಒಂದು ಸಲ ಬಿಟ್ರೆ ಮುಗೀತು, ಮೇಷ್ಟ್ರೇ. ಬರ್ಕೊಳ್ಳಿ. ಯಾರೇ ಆಗ್ಲಿ." ಮೇಷ್ಟ್ರು ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದುಕೊಂಡರು.

ಹತ್ತು ಮನೆಗಳು ಹೀಗೆ ಎದ್ದು ನಿಂತವು. ಬೀದಿಯ ಆ ಬದಿಯಲ್ಲಿ ಮತ್ತೆ ದೀಪ ಕಾಣತೊಡಗಿತು. ಹನ್ನೊಂದನೆಯದಕ್ಕೆ ಅರ್ಜಿ ಹಾಕಿದವನು ಬೀಗದಕ್ಕನ ತಮ್ಮ.

ಅವನನ್ನು ಬೀದಿಯವರು ಸೀಸೆ ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕುಲುಮೆಯ ಮುಂದೆ ನಿಂತು ಸೀಸೆ ಊದಿದವನು. ಕೆಲಸ ಹೋದ ಮೇಲೆ ಕುಡಿತಕ್ಕೆ ಬಿದ್ದ. ಮೊದಲು ಸೀಸೆ ತುಂಬೋರಿಗೆ ಸಹಾಯ ಮಾಡ್ತಿದ್ದೆ, ಈಗ ಖಾಲಿ ಮಾಡಿ ಸಹಾಯ ಮಾಡ್ತಿದೀನಿ ಎಂದು ಅವನೇ ನಗಾಡುತ್ತಿದ್ದ. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ ಹೋಗಿ ಆರು ವರ್ಷವಾಗಿತ್ತು. ಆಮೇಲೆ ಅವನು ಅಲ್ಲಿ ಇಲ್ಲಿ ಮಲಗುತ್ತಿದ್ದ. ಎರಡು ಸಲ ಅಕ್ಕ ತನ್ನ ಮನೆಗೆ ಕರೆತಂದಳು. ಎರಡು ಸಲವೂ ಅವನು ಕುಡಿದು ಬಂದು ಗಲಾಟೆ ಮಾಡಿದ. ಎರಡನೆಯ ಸಲ ಅವಳೇ ಕೈ ಹಿಡಿದು ಹೊರಗೆ ಹಾಕಿ ಚಿಲಕ ಜಡಿದಳು.

ಅಂಥವನು ಒಂದು ಬೆಳಿಗ್ಗೆ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದ. ಗಡ್ಡ ಬೋಳಿಸಿಕೊಂಡು, ಯಾರದೋ ದೊಗಲೆ ಅಂಗಿ ಹಾಕಿಕೊಂಡಿದ್ದ.

"ನಲವತ್ತು ದಿನ ಆಯ್ತಕ್ಕ, ಮುಟ್ಟಿಲ್ಲ," ಎಂದ.

"ಯಾರಿಗೆ ಹೇಳ್ತಿದೀಯ?"

"ನಿಂಗೇ. ಇನ್ಯಾರು ನಂಬ್ತಾರೆ? ನೀನೂ ನಂಬಬೇಡ. ನಂಗೆ ಆ ಮನೆ ಕೊಡ್ಸು. ಮಗಳು ಪತ್ರ ಬರ್ದಿದಾಳೆ. ಇಲ್ಲಿಗೆ ಬಂದು ಕಾಲೇಜು ಓದ್ತೀನಿ, ಇರೋಕೆ ಜಾಗ ಇದ್ಯಾ ಅಪ್ಪಾ ಅಂತ."

ಬೀಗದಕ್ಕ ಮುಖ ಗಟ್ಟಿ ಮಾಡಿಕೊಂಡಳು. "ಕೊಡ್ಸೋಕೆ ಮನೆ ನಮ್ಮಪ್ಪಂದಲ್ಲ. ಅರ್ಜಿ ಹಾಕು. ಎಲ್ಲರ ಹಾಗೆ ನೂರು ದಿನ ಮಾಡು."

"ಮಾಡ್ತೀನಿ."

ಮಾಡಿದ. ಬೀದಿಯವರು ಮೊದಲ ವಾರ ಮೂಗು ಮುರಿದರು, ಎರಡನೆಯ ವಾರ ಬಂದು ಇಣುಕಿ ನೋಡಿದರು. ಆ ಮನೆಯ ಮಾಡು ಅರ್ಧ ಕುಸಿದಿತ್ತು, ಒಳಗೆ ಮೊಣಕಾಲುದ್ದ ಕಸ. ಸೀಸೆ ಒಬ್ಬನೇ ಹದಿನೈದು ದಿನ ಕಸ ಹೊತ್ತು ಹಾಕಿದ. ಮೇಸ್ತ್ರಿಯ ಕೈಕೆಳಗೆ ಗಾರೆ ಕಲಸಿದ. ಗೋಡೆಗೆ ಸುಣ್ಣ ಬಳಿದ. ಆದರೆ ಅವನ ಕೈಚಳಕ ಕಂಡದ್ದು ಕಿಟಕಿಗಳ ಕೆಲಸದಲ್ಲಿ. ಹಳೆಯ ಕಾರ್ಖಾನೆಯ ಆಫೀಸಿನಿಂದ ಮೇಷ್ಟ್ರು ತರಿಸಿದ ದೊಡ್ಡ ಗಾಜಿನ ಹಾಳೆಗಳನ್ನು ಅವನು ಬೆರಳಲ್ಲೇ ಅಳೆದು, ಒಂದೇ ಗೀರಿನಲ್ಲಿ ಕತ್ತರಿಸಿ, ಚೌಕಟ್ಟಿಗೆ ಕೂರಿಸುತ್ತಿದ್ದ. ಕೂದಲೆಳೆಯಷ್ಟೂ ಸಂದು ಬಿಡುತ್ತಿರಲಿಲ್ಲ.

"ಇವನ ಹತ್ರ ನಾನು ಕೆಲಸಕ್ಕೆ ಸೇರ್ಕೋಬೇಕು," ಎಂದ ಮೇಸ್ತ್ರಿ. ಅವನು ಯಾರನ್ನೂ ಹೊಗಳುವ ಮನುಷ್ಯನಲ್ಲ.

ಬೆಳಿಗ್ಗೆ ಎಂಟಕ್ಕೆ ಬೀಗದಕ್ಕ ಬಾಗಿಲು ತೆಗೆದುಕೊಡುತ್ತಿದ್ದಳು, ಸಂಜೆ ಐದಕ್ಕೆ ಹಾಕುತ್ತಿದ್ದಳು. ಬೀಗ ತೆಗೆಯುವ ಆ ಅರ್ಧ ನಿಮಿಷ ಅವಳು ತಮ್ಮನ ಪಕ್ಕದಲ್ಲಿ ನಿಂತು ಮೆಲ್ಲಗೆ ಉಸಿರೆಳೆದುಕೊಳ್ಳುತ್ತಿದ್ದಳು. ಅವನಿಗದು ಗೊತ್ತಿತ್ತು. ಒಂದು ದಿನ ಬೇಕೆಂದೇ ಮುಖ ಹತ್ತಿರ ತಂದು "ಹಾ" ಎಂದು ಉಸಿರು ಬಿಟ್ಟ. "ಸೋಪಿನ ವಾಸನೆ ತಾನೇ? ಬರ್ಕೋ ಹೋಗು." ಇಬ್ಬರೂ ನಕ್ಕರು. ಅಕ್ಕ ತಮ್ಮ ಜೊತೆಯಾಗಿ ನಕ್ಕು ಎಷ್ಟು ವರ್ಷವಾಗಿತ್ತೋ.

ಎಂಬತ್ತೈದನೆಯ ದಿನ ಕಾರ್ಖಾನೆಯ ಚಿಮಣಿಯನ್ನು ಕೆಡವಿದರು. ಜಾಗ ಕೊಂಡವರು ಯಾರೋ ಗೋದಾಮು ಕಟ್ಟುತ್ತಾರಂತೆ. ಬೆಳಿಗ್ಗೆ ಹನ್ನೊಂದಕ್ಕೆಂದು ಮೊದಲೇ ಸಾರಿದ್ದರು. ಇಡೀ ಬೀದಿ ಹೋಗಿ ತಂತಿಬೇಲಿಯ ಹೊರಗೆ ನಿಂತಿತು. ಹಳೆಯ ಕೆಲಸಗಾರರು ಎಲ್ಲೆಲ್ಲಿಂದಲೋ ಬಂದಿದ್ದರು. ಒಬ್ಬರನ್ನೊಬ್ಬರು ಗುರುತು ಹಿಡಿಯಲು ಅವರಿಗೆ ಹೊತ್ತು ಹಿಡಿಯಿತು. ಢಂ ಎಂದು ಒಂದು ಸದ್ದಾಯಿತು. ಚಿಮಣಿ ಒಂದು ಕ್ಷಣ ಹಾಗೇ ನಿಂತು, ಮಂಡಿಯೂರಿದ ಹಾಗೆ ಕುಸಿದು, ಧೂಳಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸೀಸೆ ಆ ಗುಂಪಿನಲ್ಲಿ ನಿಂತಿದ್ದನ್ನು ಬೀದಿಯವರು ನೋಡಿದರು. ಮಧ್ಯಾಹ್ನ ಅವನು ಕೆಲಸಕ್ಕೆ ಬರಲಿಲ್ಲ.

ಮರುದಿನ ಬೆಳಿಗ್ಗೆ ಅರ್ಧ ಗಂಟೆ ತಡವಾಗಿ ಬಂದ. ಕಣ್ಣು ಕೆಂಪಗಿತ್ತು. ಬಾಗಿಲಲ್ಲಿ ಬೀಗದಕ್ಕ ಇದ್ದಳು. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಪಾದ್ರಿಗಳೂ ಬಂದಿದ್ದರು. ಸೀಸೆ ಇಬ್ಬರಿಗೂ ನಮಸ್ಕಾರ ಮಾಡಿ, ಮುಖ ತಿರುಗಿಸಿಕೊಂಡು ಒಳಗೆ ಹೋದ. ಹಾದುಹೋದಾಗ ಬಂದ ವಾಸನೆಯೇ ಸಾಕಾಯಿತು. ಬೀಗದಕ್ಕ ಪಾದ್ರಿಗಳ ಕಡೆ ನೋಡಿದಳು. ಅವರು ಮಾಡಿನ ತೊಲೆಗಳನ್ನು ನೋಡುತ್ತಿದ್ದರು. "ಬಹಳ ಚೆನ್ನಾಗಿ ಆಗಿದೆ," ಎಂದು ಹೊರಟುಹೋದರು.

ಶುಕ್ರವಾರ ಸಂಜೆ ಸಭೆ. ಅಲ್ಲಿಯವರೆಗಿನ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂದೂ ಅನ್ನಿಸಿತು. ತಿಳಿದ ದಿನ ಬೀದಿಯವರು ಏನೆನ್ನುತ್ತಾರೆ? ಬೀಗದಕ್ಕನ ತಮ್ಮನಿಗೊಂದು ನಿಯಮ, ನಮಗೊಂದು ಎನ್ನುತ್ತಾರೆ. ಮೂರನೆಯ ಮನೆಯ ಆ ಹೆಂಗಸು ಮಕ್ಕಳನ್ನು ತಬ್ಬಿಕೊಂಡು ಬೀದಿಯಲ್ಲಿ ನಿಂತಿದ್ದ ದೃಶ್ಯ ಕಣ್ಣಮುಂದೆ ಬಂತು. ಇದರ ಅಡಿಯಲ್ಲಿ ಇನ್ನೊಂದು ಇತ್ತು, ಅದನ್ನು ಅವಳು ಆಮೇಲೆ ಎಷ್ಟೋ ತಿಂಗಳ ಮೇಲೆ ಒಪ್ಪಿಕೊಂಡಳು. ತಾನು ನಂಬಿಬಿಟ್ಟಿದ್ದೆನಲ್ಲ ಎಂಬ ಸಿಟ್ಟು.

ಸಭೆ ಚರ್ಚಿನ ಹಿಂದಿನ ಕೋಣೆಯಲ್ಲಿ ನಡೆಯಿತು. ಪ್ರಾರ್ಥನೆಯಾದ ಮೇಲೆ ಮೇಷ್ಟ್ರು ಪುಸ್ತಕ ತೆರೆದರು. "ಹನ್ನೊಂದನೇ ಮನೆ. ಇನ್ನು ಹನ್ನೆರಡು ದಿನ. ಎಲ್ಲಾ ಸರಿಯಾಗಿದೆ ಅಂತ ಬರ್ಕೊಳ್ಲಾ?"

"ಸರಿಯಾಗಿಲ್ಲ," ಎಂದಳು ಬೀಗದಕ್ಕ. "ಅವನು ಕುಡಿದಿದ್ದ. ಚಿಮಣಿ ಬಿದ್ದ ದಿನ. ಮಾರನೇ ದಿನ ವಾಸನೆ ನಂಗೆ ಬಂತು."

ಮೇಸ್ತ್ರಿ ಕುರ್ಚಿಯಲ್ಲಿ ಮಿಸುಕಾಡಿದ. "ಒಂದು ದಿನ ತಾನೇ ಅಕ್ಕ. ಆ ದಿನ ನಂಗೇ ಕುಡೀಬೇಕು ಅನ್ನಿಸ್ತು."

"ನೀನು ಮನೆ ಕೇಳಿಲ್ಲ. ಅವನು ಕೇಳಿದಾನೆ."

"ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ಬೇರೆಯವನಾಗಿದ್ರೆ ಬಿಡ್ತಿದ್ವಾ? ಎಂಟನೇ ಮನೆಗೆ ಬಂದಿದ್ದೋನನ್ನ ಐವತ್ತನೇ ದಿನ ಕಳ್ಸಿಲ್ವಾ? ಅವನೂ ಯಾರೋ ಒಬ್ಬಳ ತಮ್ಮನೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಎಲ್ಲರೂ ಪಾದ್ರಿಗಳ ಮುಖ ನೋಡಿದರು. ಅವರು ತಮ್ಮ ಕೈಗಳನ್ನೇ ನೋಡುತ್ತಿದ್ದರು. ಕೊನೆಗೆ, "ಅಕ್ಕನೇ ಹೀಗೆ ಹೇಳಿದ ಮೇಲೆ ನಾವು ಹೇಳೋದೇನಿದೆ?" ಎಂದರು.

ತಮ್ಮನಿಗೆ ತಾನೇ ಹೇಳುತ್ತೇನೆ ಎಂದು ಅವಳು ಒಪ್ಪಿಕೊಂಡಳು. ಶನಿವಾರ ಬೆಳಿಗ್ಗೆ ಹೋದಾಗ ಅವನು ಅಡುಗೆಮನೆಯ ಕಿಟಕಿಗೆ ಕೊನೆಯ ಗಾಜು ಕೂರಿಸುತ್ತಿದ್ದ. ಸುತ್ತ ಗಾಜು ಹಿಡಿಸುವ ಪುಟ್ಟಿ ಮೆತ್ತಿ ಹೆಬ್ಬೆರಳಲ್ಲಿ ಒತ್ತುತ್ತಿದ್ದ. ಅವಳು ಬಾಗಿಲಲ್ಲಿ ನಿಂತೇ ಹೇಳಿದಳು. ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೈಕೊಟ್ಟವು. ಮೂರೇ ಮೂರು ವಾಕ್ಯದಲ್ಲಿ ಮುಗಿದುಹೋಯಿತು.

ಅವನು ತಿರುಗಲಿಲ್ಲ. "ಪಾದ್ರಿಗಳು ಹೇಳಿದ್ರಾ?"

"ಇಲ್ಲ. ನಾನೇ ಹೇಳ್ದೆ, ಸಭೇಲಿ."

"ಹೂಂ."

ಮತ್ತೆ ಪುಟ್ಟಿ ಒತ್ತಿದ. ನಾಲ್ಕೂ ಬದಿ ಮುಗಿಯುವವರೆಗೂ ಒತ್ತಿದ. ಚಾಕುವಿನಲ್ಲಿ ಅಂಚು ಸವರಿ, ಗಾಜಿನ ಮೇಲೆ ಉಳಿದ ಕಲೆಯನ್ನು ಅಂಗಿಯ ತೋಳಲ್ಲಿ ಒರೆಸಿದ. ಆಮೇಲೆ ಸಾಮಾನುಗಳನ್ನು ಒಂದೊಂದಾಗಿ ಮೇಸ್ತ್ರಿಯ ಚೀಲಕ್ಕೆ ಹಾಕಿದ.

"ಬಯ್ಯೋ, ಏನಾದ್ರೂ ಅನ್ನೋ," ಎಂದಳು ಅವಳು.

"ಏನನ್ಲಿ? ಕುಡಿದಿದ್ದು ನಿಜ. ಎರಡೇ ಗುಟುಕು ಅಂದ್ಕೊಂಡಿದ್ದೆ. ಆಗ್ಲಿಲ್ಲ." ಬಾಗಿಲ ಹತ್ತಿರ ಬಂದು ನಿಂತ. "ಹಿಂದಿನ ಬಾಗಿಲು ಕೆಳಗಡೆ ನೆಲಕ್ಕೆ ಉಜ್ಜುತ್ತೆ. ಸ್ವಲ್ಪ ಕೀಸ್ಬೇಕು. ಮೇಸ್ತ್ರಿಗೆ ಹೇಳು, ಮರೀಬೇಡ."

"ಮಗಳಿಗೆ ಏನು ಬರೀತೀಯ?"

ಅವನು ಬೀದಿಗಿಳಿದು ಹೊರಟ. ಅವಳು ಅವನನ್ನು ಕರೆಯಬಹುದಿತ್ತು. ನನ್ನ ಮನೆಗೆ ಬಾ ಎನ್ನಬಹುದಿತ್ತು. ಚಿಲಕ ಜಡಿದ ಆ ದಿನದ ನಾಚಿಕೆ ಅಡ್ಡ ಬಂತೋ, ಇನ್ನೇನೋ. ಅವನು ತಿರುವಿನಲ್ಲಿ ಮರೆಯಾಗುವವರೆಗೂ ಅವಳು ಹಾಗೇ ನಿಂತಿದ್ದಳು.

ಹನ್ನೊಂದನೆಯ ಮನೆ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಒಬ್ಬಳಿಗೆ ಹೋಯಿತು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು, ಕಣ್ಣು ಕಾಣದ ಅತ್ತೆ. ರಿಪೇರಿ ಆಗಲೇ ಮುಗಿದಿದ್ದರಿಂದ ನೂರು ದಿನ ಪಕ್ಕದ ಮನೆಯ ಕೆಲಸಕ್ಕೆ ಬರುತ್ತೇನೆಂದು ಒಪ್ಪಿ, ಮಾತಿನಂತೆ ಒಂದು ದಿನವೂ ತಪ್ಪಿಸಲಿಲ್ಲ. ಒಳ್ಳೆಯ ಹೆಂಗಸು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಬೀಗದಕ್ಕ ಒಂದೆರಡು ಸಲ ಪ್ರಯತ್ನಪಟ್ಟಳು, ಆಗಲಿಲ್ಲ. ಅವಳು ಒಕ್ಕಲು ಬಂದ ಭಾನುವಾರ ಪಾದ್ರಿಗಳು ಹೊಸ್ತಿಲಲ್ಲಿ ನಿಂತು ಮನೆಯನ್ನು ಹರಸಿದರು. ಜನ ಹಾಡಿದರು. ಬೀಗದ ಕೈ ಒಪ್ಪಿಸಬೇಕಾದವಳು ಬೀಗದಕ್ಕ. ಒಪ್ಪಿಸಿ, ತಲೆನೋವೆಂದು ಹೇಳಿ ಬೇಗ ಹೋದಳು.

ಸೀಸೆಯನ್ನು ಆಮೇಲೆ ಯಾರೂ ಕಾಣಲಿಲ್ಲ. ಅವಳು ಹೆಂಡದಂಗಡಿಗಳಲ್ಲಿ ಕೇಳಿದಳು, ಬಸ್ ನಿಲ್ದಾಣದಲ್ಲಿ ಕೇಳಿದಳು. ಅವನ ಹೆಂಡತಿಗೆ ಫೋನ್ ಮಾಡಿದರೆ, "ಅತ್ತಿಗೆ, ನೀವೇ ಅಲ್ವಾ ಅವರು ಸರಿ ಹೋಗಿದಾರೆ ಅಂದಿದ್ದು?" ಎಂದು ಆಕೆ ಫೋನ್ ಇಟ್ಟಳು. ಮಗಳು ಇನ್ಯಾವುದೋ ಊರಲ್ಲಿ ಕಾಲೇಜು ಸೇರಿದಳೆಂದು ಗೊತ್ತಾಯಿತು.

ಚಳಿಗಾಲದ ಮಧ್ಯೆ ಸರ್ಕಾರಿ ಆಸ್ಪತ್ರೆಯ ನರ್ಸೊಬ್ಬರು ಚರ್ಚಿಗೆ ಫೋನ್ ಮಾಡಿದರು. ರೋಗಿಯೊಬ್ಬನ ಜೇಬಿನಲ್ಲಿ ಸಂಘದ ಚೀಟಿಯಿದೆ, ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು. ಬೀಗದಕ್ಕ ಉಟ್ಟ ಬಟ್ಟೆಯಲ್ಲೇ ಓಡಿದಳು. ವಾರ್ಡಿನ ಕೊನೆಯ ಮಂಚದಲ್ಲಿ ಅವನಿದ್ದ. ಮೊದಲು ಗುರುತೇ ಸಿಗಲಿಲ್ಲ. ಕೆನ್ನೆಯ ಮೂಳೆ ಎದ್ದು, ಎದೆ ಗೂಡಾಗಿ, ಒಂದೊಂದು ಉಸಿರಿಗೂ ಹೆಗಲು ಮೇಲೇಳುತ್ತಿತ್ತು. ಕುಡಿತಕ್ಕಿಂತ ಹೆಚ್ಚಾಗಿ ಇದು ಗಾಜಿನ ಧೂಳಿನ ಕೆಲಸ, ವರ್ಷಗಳಿಂದ ಶ್ವಾಸಕೋಶದಲ್ಲಿ ಕೂತಿದೆ ಎಂದರು ಡಾಕ್ಟರು. ಮಾಡುವುದಕ್ಕೆ ಹೆಚ್ಚೇನೂ ಇಲ್ಲ ಎಂದು ಬಾಯಿಬಿಟ್ಟು ಹೇಳದಿದ್ದರೂ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ಅದೇ ಅದರ ಅರ್ಥ.

ಕಣ್ಣು ತೆರೆದಾಗ ಅವನು ಅವಳನ್ನು ನೋಡಿ, "ಬಾಗಿಲು ಕೀಸಿದ್ರಾ?" ಎಂದ.

"ಕೀಸಿದ್ರು," ಎಂದಳು. ಆಮೇಲೆ ಅಳು ತಡೆಯಲಾಗಲಿಲ್ಲ.

ಚರ್ಚಿನ ಹಿಂದಿನ ಅವಳ ಎರಡು ಕೋಣೆಗಳಲ್ಲಿ ಒಂದನ್ನು ಅವನಿಗೆ ಬಿಟ್ಟುಕೊಟ್ಟಳು. ಕಿಟಕಿಯ ಪಕ್ಕ ಮಂಚ ಎಳೆದಳು. ದಿಂಬು ಮೂರು ಒಟ್ಟಿ, ಅವನನ್ನು ಒರಗಿಸಿ ಕೂರಿಸಬೇಕಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗಂಜಿ ಕುಡಿಸಿ, ಬೆನ್ನು ಒರೆಸಿ, ಆಮೇಲೆ ಅವಳು ಹನ್ನೆರಡನೆಯ ಮನೆಯ ಕೆಲಸಕ್ಕೆ ಬಾಗಿಲು ತೆಗೆಯಲು ಹೋಗುತ್ತಿದ್ದಳು. ಮೇಸ್ತ್ರಿ ಆಗಾಗ ಬಂದು ಕೂತು, ಯಾವ ಗೋಡೆ ಸೀಳಿದೆ, ಯಾವ ಮಾಡು ಸೋರುತ್ತಿದೆ ಎಂದು ವರದಿ ಒಪ್ಪಿಸುತ್ತಿದ್ದ. ಅವನಿದ್ದಷ್ಟು ಹೊತ್ತು ಸೀಸೆ ಕೆಮ್ಮನ್ನು ಹಿಡಿದಿಟ್ಟುಕೊಳ್ಳುತ್ತಿದ್ದ.

ಒಂದು ಮಧ್ಯಾಹ್ನ ಪಾದ್ರಿಗಳು ಬಂದರು. ಸೀಸೆ ನಿದ್ದೆ ಹೋಗಿದ್ದ. ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ, ಹೊರಟವರು ಬಾಗಿಲ ಹೊರಗೆ ನಿಂತರು.

"ಅಕ್ಕ, ಒಂದು ಮಾತು ಹೇಳ್ಬೇಕು. ಆವತ್ತು ಬೆಳಿಗ್ಗೆ ನಂಗೂ ವಾಸನೆ ಬಂದಿತ್ತು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಯಾವತ್ತು?"

"ಚಿಮಣಿ ಬಿದ್ದ ಮಾರನೇ ದಿನ. ಗೊತ್ತಾಗಿತ್ತು. ಹದಿನಾಲ್ಕು ದಿನ ತಾನೇ, ಮುಗೀಲಿ ಅಂತ ಸುಮ್ನಿದ್ದೆ. ನೀವೂ ಸುಮ್ನಿರ್ತೀರಿ ಅಂದ್ಕೊಂಡಿದ್ದೆ."

"ಸಭೇಲಿ ಯಾಕೆ ಹೇಳ್ಲಿಲ್ಲ?"

"ನೀವು ನಿಮ್ಮ ಒಡಹುಟ್ಟಿದವನನ್ನೇ ಬಿಟ್ಟುಕೊಡ್ತಿದ್ರಿ. ನಿಮ್ಮೆದುರು ನಾನು ಸಡಿಲ ಮಾಡಿ ಅಂತ ಹೇಳೋಕೆ..." ಅವರ ದನಿ ಸಣ್ಣದಾಯಿತು. "ನಾಚಿಕೆ ಆಯ್ತು. ಅಷ್ಟೇ."

ಬೀಗದಕ್ಕ ಅವರನ್ನು ನೋಡಿದಳು. ಹದಿನೇಳು ವರ್ಷ ಅವರ ಉಪದೇಶ ಕೇಳಿದ್ದಳು. ಅವರ ಕೋಟಿನ ಗುಂಡಿ ಹೊಲಿದಿದ್ದಳು. "ಮೇಸ್ತ್ರಿ ಒಬ್ಬನೇ ಬಾಯಿಬಿಟ್ಟಿದ್ದು," ಎಂದಳು. "ನಿಮ್ಮ ಒಂದು ಮಾತು ಸಾಕಿತ್ತು. ನಾನು ಅದಕ್ಕೇ ಕಾಯ್ತಿದ್ನೇನೋ." ಅಷ್ಟು ಹೇಳಿ ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಆ ಮಾತು ನಿಜವೋ, ಸಿಟ್ಟಿಗೆ ಬಂದದ್ದೋ ಅವಳಿಗೇ ತಿಳಿಯಲಿಲ್ಲ.

ಸೀಸೆ ಎದ್ದಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಪಾಪ, ಅವರನ್ನ ಬಯ್ಬೇಡ," ಎಂದ.

"ನಿಂಗೆ ಸಿಟ್ಟೇ ಬರಲ್ವೇನೋ?"

"ಬಂದಿತ್ತು. ಎರಡು ತಿಂಗಳು ನಿನ್ನ ಬಯ್ಕೊಂಡೇ ಕುಡ್ದೆ." ಉಸಿರಿಗಾಗಿ ನಿಂತ. "ಆಮೇಲೆ ಯೋಚ್ನೆ ಮಾಡ್ದೆ. ಮನೆ ಸಿಕ್ಕಿದ್ರೆ ಕುಡೀತಿರ್ಲಿಲ್ವಾ? ಮಗಳೆದುರಿಗೇ ಕುಡೀತಿದ್ನೋ ಏನೋ. ನಂಗೂ ಗೊತ್ತಿಲ್ಲ, ನಿಂಗೂ ಗೊತ್ತಿಲ್ಲ."

"ಕುಡೀತಿರ್ಲಿಲ್ಲ," ಎಂದಳು ಅವಳು.

"ಈಗ ಹೇಳ್ತೀಯ," ಎಂದು ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಅವಳು ಅವನ ಬೆನ್ನು ನೀವುತ್ತ, "ನನ್ನ ಕ್ಷಮಿಸ್ಬಿಡೋ," ಎಂದಳು. ಅವನು ಕೇಳಿಸಿಕೊಂಡನೋ ಇಲ್ಲವೋ. "ನೀರು ಕೊಡಕ್ಕ," ಎಂದ.

ಮಗಳು ಒಂದು ಸಲ ಬಂದಳು. ಒಂದು ಹಗಲು ಪೂರ್ತಿ ಅಪ್ಪನ ಪಕ್ಕದಲ್ಲಿ ಕೂತು, ಅವನ ಉಗುರು ಕತ್ತರಿಸಿದಳು. ಹೋಗುವಾಗ ಅತ್ತೆಯ ಮುಖ ನೋಡಲಿಲ್ಲ.

ಚಳಿ ಇನ್ನೇನು ಮುಗಿಯಿತು ಎನ್ನುವಾಗ, ಒಂದು ಮಂಗಳವಾರ, ಹನ್ನೆರಡನೆಯ ಮನೆಗೆ ಬಣ್ಣದವರು ಬಂದು ಕಾಯುತ್ತಿದ್ದಾರೆಂದು ಹೇಳಿಕಳಿಸಿದರು. ಬೀಗದಕ್ಕ ಹೋಗಿ, ಬಾಗಿಲು ತೆಗೆದು, ಯಾವ ಗೋಡೆಗೆ ಯಾವ ಬಣ್ಣ ಎಂದು ತೋರಿಸಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಆಗಿತ್ತು. ಬಂದು ನೋಡಿದರೆ ಅವನು ಒರಗಿಕೊಂಡೇ ಇದ್ದ. ಮುಖ ಕಿಟಕಿಯ ಕಡೆಗಿತ್ತು. ಹೆಗಲು ಏಳುತ್ತಿರಲಿಲ್ಲ.

ಮಣ್ಣಿಗೆ ಬೀದಿಯ ಅರ್ಧ ಜನ ಬಂದರು. ಲಾಂಡ್ರಿಯ ಹೆಂಗಸು ಇಸ್ತ್ರಿ ಮಾಡಿದ ಬಿಳಿಯ ಹೊದಿಕೆ ತಂದಿದ್ದಳು. ತಾನು ಯಾರ ಮನೆಯಲ್ಲಿದ್ದೇನೆಂದು ಅವಳಿಗೆ ಆಗಲೇ ಯಾರೋ ಹೇಳಿದ್ದರು. ಬೀಗದಕ್ಕನ ಕೈ ಹಿಡಿದು, "ನಂಗೆ ಮೊದ್ಲು ಗೊತ್ತಿರ್ಲಿಲ್ಲ," ಎಂದಳು. "ನಿಂದೇನು ತಪ್ಪಿದೆ?" ಎಂದಳು ಬೀಗದಕ್ಕ. ಪಾದ್ರಿಗಳು ಓದುವಾಗ ಎರಡು ಸಲ ಸಾಲು ತಪ್ಪಿದರು.

ಮುಂದಿನ ಸಭೆಯಲ್ಲಿ ಮೇಷ್ಟ್ರು ನಿಯಮವನ್ನು ತಿದ್ದೋಣವೇ ಎಂದು ಕೇಳಿದರು. ತಪ್ಪಿದವರಿಗೆ ಇನ್ನೊಂದು ಅವಕಾಶ ಕೊಡಬೇಕೆಂದು ಮೇಸ್ತ್ರಿ ಹೇಳಿದ. ಪಾದ್ರಿಗಳೂ ಹೌದೆಂದರು. ಬೀಗದಕ್ಕನಿಗೆ ಹೌದೆನ್ನಲೂ ಆಗಲಿಲ್ಲ, ಬೇಡವೆನ್ನಲೂ ಆಗಲಿಲ್ಲ. "ನೀವು ಮೂರು ಜನ ಸೇರಿ ಏನಾದ್ರೂ ಮಾಡಿ. ನನ್ನ ಕೇಳ್ಬೇಡಿ," ಎಂದಳು. ತಿದ್ದಿದರು. ಹೊಸ ನಿಯಮದಲ್ಲಿ ಮೊದಲು ಮನೆ ಪಡೆದವನು ಆರು ತಿಂಗಳಿಗೆ ಹೆಂಡತಿಯನ್ನು ಹೊಡೆದು ಪೊಲೀಸರ ಪಾಲಾದ. ಎರಡನೆಯವನು ಇಂದಿಗೂ ನೆಟ್ಟಗಿದ್ದಾನೆ.

ಮಣ್ಣಾದ ವಾರ ಅವಳು ಕೋಣೆ ತೊಳೆದಳು. ಚಾದರಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದಳು, ದಿಂಬುಗಳನ್ನು ಬಿಸಿಲಿಗೆ ಹಾಕಿದಳು. ಔಷಧಿಯ ವಾಸನೆ ಹೋಗಲಿಲ್ಲ. ಒಗೆದು ಹಿಂಡುವಾಗ ಪಕ್ಕದ ಕೋಣೆಯಿಂದ ಕೆಮ್ಮು ಕೇಳಿಸಿದ ಹಾಗಾಗಿ ಎರಡು ಸಲ ಕೈ ನಿಲ್ಲಿಸಿದಳು. ಅಷ್ಟರಲ್ಲಿ ಹೊರಗಿನಿಂದ ಮೇಸ್ತ್ರಿ ಕೂಗಿದ. ಹದಿಮೂರನೆಯ ಮನೆಗೆ ಮರಳಿನ ಲಾರಿ ಬಂದಿದೆ, ಒಳಗೆ ಹಾಕಿಸಿಕೊಳ್ಳಬೇಕು, ಬರ್ತೀರಾ ಅಕ್ಕ, ಎಂದು. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಬರ್ತೀನಿ," ಎಂದಳು.